ಕಂಟ್ರೋಲ್ ವೆಲ್‌ನಲ್ಲಿ ಬ್ಯಾಕ್ಟೀರಿಯಾ ಸತ್ತದ್ದೇಕೆ? ಸೀರಂ ಕಾಯಿಸುವಲ್ಲಿ ಎಡವಿದ ಒಂದು ಪ್ರಕರಣ

ಸೀರಂ ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ. ಅದನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಟ್ಟರೆ ಅದರಲ್ಲಿರುವ ಕಾಂಪ್ಲಿಮೆಂಟ್, ಅಂದರೆ ರೋಗಾಣುಗಳನ್ನು ಕೊಲ್ಲುವ ಪ್ರೋಟೀನ್‌ಗಳ ಗುಂಪು, ಕೆಲಸ ನಿಲ್ಲಿಸುತ್ತದೆ. ಇಮ್ಯುನಾಲಜಿ ಲ್ಯಾಬಿಗೆ ಸೇರಿದ ಮೊದಲ ವಾರದಲ್ಲೇ ಇದನ್ನು ಯಾರಾದರೂ ಹೇಳಿಕೊಡುತ್ತಾರೆ. ನಾವೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದುಕೊಂಡು ಮುಂದಕ್ಕೆ ಹೋಗುತ್ತೇವೆ. ಆ ಒಂದು ಸಾಲಿನ ಕೆಲಸ ಸರಿಯಾಗಿ ಆಗದೆ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪ್ಲೇಟ್ ಮೇಲೆ ಪ್ಲೇಟ್ ಹಾಳಾಗುತ್ತಿತ್ತು. ಪಕ್ಕದ ಕಟ್ಟಡದಲ್ಲೇ ಕೆಲಸ ಮಾಡುವ ನನ್ನನ್ನು ಒಮ್ಮೆ ಬಂದು ನೋಡಿ ಅಂತ ಕರೆದರು. ಲ್ಯಾಬಿನ ಹೆಸರು ಬೇಡ. ಆದರೆ ಅಲ್ಲಿ ಕಂಡದ್ದನ್ನು ಪೂರ್ತಿ ಬರೆಯುತ್ತೇನೆ, ಯಾಕೆಂದರೆ ಇದೇ ತೊಂದರೆ ಇನ್ನೂ ಎಷ್ಟೋ ಕಡೆ ಯಾರ ಕಣ್ಣಿಗೂ ಬೀಳದೆ ನಡೆಯುತ್ತಿರಬಹುದು.

ಮೊದಲು ಅವರು ಮಾಡುತ್ತಿದ್ದ ಪರೀಕ್ಷೆ ಏನು ಅಂತ ಹೇಳಿಬಿಡುತ್ತೇನೆ. ಕಾಲರಾ ಲಸಿಕೆ ತೆಗೆದುಕೊಂಡವರ ರಕ್ತದಲ್ಲಿ ಕಾಲರಾ ಬ್ಯಾಕ್ಟೀರಿಯಾವನ್ನು ಕೊಲ್ಲಿಸಬಲ್ಲ ಪ್ರತಿಕಾಯಗಳು ಎಷ್ಟಿವೆ ಅಂತ ಅಳೆಯಬೇಕು. ಲಸಿಕೆಗೆ ಮೊದಲು ಒಮ್ಮೆ, ನಂತರ ಒಮ್ಮೆ ರಕ್ತ ತೆಗೆದಿರುತ್ತಾರೆ. ಸೀರಂ ಅನ್ನು ಹಂತ ಹಂತವಾಗಿ ಎರಡು ಪಟ್ಟು ತೆಳು ಮಾಡುತ್ತಾ 96 ಸಣ್ಣ ಗುಳಿಗಳಿರುವ (ವೆಲ್) ಪ್ಲೇಟಿನಲ್ಲಿ ಹಾಕಿ, ಬ್ಯಾಕ್ಟೀರಿಯಾ ಸೇರಿಸಿ, ಗಿನಿಪಿಗ್ ಸೀರಂನಿಂದ ಬಂದ ಕಾಂಪ್ಲಿಮೆಂಟನ್ನು ಎಲ್ಲ ವೆಲ್‌ಗಳಿಗೂ ಒಂದೇ ಅಳತೆಯಲ್ಲಿ ಹಾಕುತ್ತಾರೆ. 37 ಡಿಗ್ರಿಯಲ್ಲಿ ಒಂದು ಗಂಟೆ ಇಡುತ್ತಾರೆ. ಆಮೇಲೆ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವ) ಹಾಕಿ, ಬದುಕಿ ಉಳಿದ ಬ್ಯಾಕ್ಟೀರಿಯಾ ಎಷ್ಟು ಬೆಳೆಯುತ್ತದೆ ಅಂತ ನೋಡುತ್ತಾರೆ. ಯಾವ ತೆಳುವಿನವರೆಗೆ ಸಾವು ಕಾಣುತ್ತದೋ ಅದೇ ಆ ಸೀರಂನ ಟೈಟರ್. ಲಸಿಕೆಯ ನಂತರ ಟೈಟರ್ ನಾಲ್ಕು ಪಟ್ಟು ಏರಿದರೆ ಲಸಿಕೆ ಕೆಲಸ ಮಾಡಿದೆ ಅಂತ ಲೆಕ್ಕ.

ಇಲ್ಲಿ ಪ್ರತಿಕಾಯ ಬ್ಯಾಕ್ಟೀರಿಯಾದ ಮೇಲೆ ಹೋಗಿ ಕೂರುತ್ತದೆ ಅಷ್ಟೇ. ತೂತು ಕೊರೆದು ಕೊಲ್ಲುವುದು ಕಾಂಪ್ಲಿಮೆಂಟ್. ಒಬ್ಬೊಬ್ಬರ ರಕ್ತದಲ್ಲಿ ಕಾಂಪ್ಲಿಮೆಂಟ್ ಒಂದೊಂದು ಮಟ್ಟದಲ್ಲಿರುತ್ತದೆ, ಫ್ರೀಜರಿನಿಂದ ತೆಗೆದು ಕರಗಿಸಿದಂತೆಲ್ಲ ಇನ್ನೂ ಕುಸಿಯುತ್ತದೆ. ಆ ಏರುಪೇರು ಹಾಗೇ ಇದ್ದರೆ ನಾವು ಅಳೆದದ್ದು ಪ್ರತಿಕಾಯವನ್ನೋ ಕಾಂಪ್ಲಿಮೆಂಟನ್ನೋ ಗೊತ್ತಾಗುವುದಿಲ್ಲ. ಅದಕ್ಕೇ ಎಲ್ಲರ ಸೀರಂ ಅನ್ನೂ ಕಾಯಿಸಿ, ಒಳಗಿನ ಕಾಂಪ್ಲಿಮೆಂಟನ್ನು ಕೆಡಿಸಿ, ಹೊರಗಿನಿಂದ ಸಮನಾಗಿ ಕೊಡುವುದು.

ಈ ಉಪಾಯದ ಬೇರು 1895ರಲ್ಲಿದೆ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ವಿಜ್ಞಾನಿ ಮೆಚ್ನಿಕಾಫ್ ಅವರ ಲ್ಯಾಬಿನಲ್ಲಿದ್ದ ಜೂಲ್ ಬೋರ್ಡೆ ಎಂಬ ಬೆಲ್ಜಿಯಂನ ಯುವಕ ಇದೇ ಕಾಲರಾ ಬ್ಯಾಕ್ಟೀರಿಯಾ ಇಟ್ಟುಕೊಂಡು, ರೋಗನಿರೋಧಕ ಶಕ್ತಿ ಬಂದ ಪ್ರಾಣಿಯ ಸೀರಂ ಅನ್ನು 55 ಡಿಗ್ರಿಗೆ ಕಾಯಿಸಿದ. ಕೊಲ್ಲುವ ಶಕ್ತಿ ಹೋಯಿತು. ಲಸಿಕೆಯನ್ನೇ ಕಾಣದ ಬೇರೆ ಪ್ರಾಣಿಯ ತಾಜಾ ಸೀರಂ ಸ್ವಲ್ಪ ಹಾಕಿದ. ಶಕ್ತಿ ವಾಪಸ್ ಬಂತು! ಬಿಸಿಗೆ ಜಗ್ಗದ ಒಂದು ಅಂಶ, ಬಿಸಿಗೆ ಕೆಡುವ ಇನ್ನೊಂದು ಅಂಶ, ಎರಡೂ ಸೇರಿದರೇ ಕೆಲಸ ಅಂತ ತಿಳಿದದ್ದು ಹೀಗೆ. ಬೋರ್ಡೆಗೆ 1919ರ ನೊಬೆಲ್ ಬಂತು. ನಮ್ಮ ಪ್ರಕರಣದ ಪ್ಲೇಟ್ ಆ ಪ್ರಯೋಗದ ಮೊಮ್ಮಗ ಅಂದರೂ ತಪ್ಪಿಲ್ಲ.

ಈಗ ತೊಂದರೆಗೆ ಬರೋಣ.

ಪ್ರತಿ ಪ್ಲೇಟಿನಲ್ಲೂ ಒಂದು ಸಾಲು ಕಂಟ್ರೋಲ್ ಇರುತ್ತದೆ. ಕಾಯಿಸಿದ ಸೀರಂ ಇದೆ, ಬ್ಯಾಕ್ಟೀರಿಯಾ ಇದೆ, ಆದರೆ ಗಿನಿಪಿಗ್ ಕಾಂಪ್ಲಿಮೆಂಟ್ ಹಾಕಿಲ್ಲ. ಅಲ್ಲಿ ಯಾವುದೂ ಸಾಯಬಾರದು, ಬ್ಯಾಕ್ಟೀರಿಯಾ ಬೆಳೆದು ವೆಲ್ ಚೆನ್ನಾಗಿ ಕದಡಿರಬೇಕು. ಇವರ ಪ್ಲೇಟಿನಲ್ಲಿ ಕೆಲವು ಸೀರಂಗಳ ಮೊದಲ ಒಂದೆರಡು ವೆಲ್ ತಿಳಿಯಾಗಿದ್ದವು. ಎಲ್ಲ ಸೀರಂಗಳಲ್ಲೂ ಹೀಗಾಗಿದ್ದರೆ ಎಲ್ಲೋ ದೊಡ್ಡ ಎಡವಟ್ಟಾಗಿದೆ ಅಂತ ಆಗಲೇ ಹಿಡಿಯಬಹುದಿತ್ತು. ಇಲ್ಲಿ ಕೆಲವು ಕೆಡುತ್ತಿದ್ದವು, ಕೆಲವು ಸರಿಯಿದ್ದವು, ಅದೂ ಒಂದು ದಿನ ಇದ್ದಂತೆ ಇನ್ನೊಂದು ದಿನ ಇಲ್ಲ. ಜೊತೆಗೆ, ಪ್ರತಿಕಾಯ ಜಾಸ್ತಿ ಇರುವ ಸೀರಂಗಳಲ್ಲೇ ಹೆಚ್ಚಾಗಿ ಹೀಗಾಗುತ್ತಿತ್ತು. ಅದನ್ನು ನೋಡಿ, ಪ್ರತಿಕಾಯ ತಾನೊಂದೇ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಿದೆಯೋ ಏನೋ ಅನ್ನುವ ಮಾತೂ ಶುರುವಾಗಿತ್ತು.

"ಮೇಡಂ, ವೋಲಂಟಿಯರ್‌ಗಳು ಆಂಟಿಬಯಾಟಿಕ್ ತಗೊಂಡಿರಬಹುದಾ?" ಅಂತ ಕೆಲಸ ಮಾಡುತ್ತಿದ್ದ ಪಿಎಚ್‌ಡಿ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ನೆಗಡಿ, ಭೇದಿ ಅಂದರೂ ಜನ ಮೆಡಿಕಲ್ ಶಾಪಿಗೆ ಹೋಗಿ ಎರಡು ಮಾತ್ರೆ ತೆಗೆದುಕೊಂಡು ಬರುತ್ತಾರೆ. ಸೀರಂನಲ್ಲಿ ಮಾತ್ರೆಯ ಔಷಧ ಉಳಿದಿದ್ದರೆ ಕಂಟ್ರೋಲ್ ವೆಲ್‌ನಲ್ಲಿ ಬ್ಯಾಕ್ಟೀರಿಯಾ ಸಾಯುವುದು ಸಹಜ. ಕಾಂಪ್ಲಿಮೆಂಟ್ ಉಳಿದಿದ್ದರೂ ಸಾಯುತ್ತದೆ. ಎರಡನ್ನೂ ಬೇರೆ ಮಾಡುವುದು ಹೇಗೆ?

ಲ್ಯಾಬಿನ ಒಬ್ಬರು ಇಡಿಟಿಎ ಹಾಕಿ ನೋಡೋಣ ಅಂದರು. ಇಡಿಟಿಎ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಹಿಡಿದುಕೊಳ್ಳುವುದರಿಂದ ಕಾಂಪ್ಲಿಮೆಂಟ್ ನಿಲ್ಲುತ್ತದೆ, ನಿಜ. ಆದರೆ ಕಾಲರಾದಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾದ ಹೊರಪೊರೆ ಗಟ್ಟಿಯಾಗಿ ನಿಂತಿರುವುದೂ ಅದೇ ಅಯಾನುಗಳ ಬಲದಿಂದ. ಇಡಿಟಿಎ ಆ ಪೊರೆಯನ್ನೇ ಸಡಿಲ ಮಾಡುತ್ತದೆ, ಜೊತೆಗೆ ಸೀರಂನಲ್ಲಿ ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಲೈಸೊಜೈಮ್ ಬೇರೆ ಇದೆ. ಬ್ಯಾಕ್ಟೀರಿಯಾ ಸತ್ತರೆ ಯಾರಿಂದ ಸತ್ತಿತು ಅಂತ ಮತ್ತೆ ತಲೆ ಕೆಡಿಸಿಕೊಳ್ಳಬೇಕು. ಅದು ಬೇಡ ಅಂದೆ.

ಸುಲಭದ ದಾರಿ ಇತ್ತು. ತೊಂದರೆ ಕೊಟ್ಟ ಸೀರಂಗಳಿಂದ ಸ್ವಲ್ಪ ಸ್ವಲ್ಪ ತೆಗೆದು, ತೆಳು ಗೋಡೆಯ ಪಿಸಿಆರ್ ಟ್ಯೂಬಿಗೆ ಹಾಕಿ, ಡಿಎನ್‌ಎ ನಕಲು ಮಾಡಲು ಬಳಸುವ ಪಿಸಿಆರ್ ಯಂತ್ರದಲ್ಲೇ 56 ಡಿಗ್ರಿಯಲ್ಲಿ 30 ನಿಮಿಷ ಇಟ್ಟೆವು. ಆ ಯಂತ್ರದ ಮುಚ್ಚಳವೂ ಬಿಸಿಯಾಗಿರುತ್ತದೆ, ಟ್ಯೂಬ್ ಚಿಕ್ಕದು, ಒಳಗಿನ ದ್ರವ ಕ್ಷಣದಲ್ಲಿ ಹೇಳಿದ ಬಿಸಿಗೆ ಬರುತ್ತದೆ. ಈ ಬಿಸಿಗೆ ಸಾಮಾನ್ಯ ಆಂಟಿಬಯಾಟಿಕ್‌ಗಳಿಗೆ ಅಷ್ಟೇನೂ ಆಗುವುದಿಲ್ಲ. ಮಾರನೇ ದಿನ ಪ್ಲೇಟ್ ನೋಡಿದರೆ ಒಂದು ಸೀರಂ ಬಿಟ್ಟು ಉಳಿದ ಎಲ್ಲದರ ಕಂಟ್ರೋಲ್ ವೆಲ್‌ಗಳೂ ಕದಡಿದ್ದವು. ಆ ಒಂದರ ಕಥೆ ಕೊನೆಗೆ ಹೇಳುತ್ತೇನೆ. ಉಳಿದವುಗಳಲ್ಲಿ ಕೊಂದದ್ದು ಕಾಂಪ್ಲಿಮೆಂಟೇ, ಅಂದರೆ ಮೊದಲ ಸಲ ಅದು ಕೆಟ್ಟಿರಲೇ ಇಲ್ಲ.

ಇಲ್ಲಿ ಅವರಿಗೆ ನಂಬಿಕೆ ಬರಲಿಲ್ಲ. ಯಾಕೆಂದರೆ ಅವರು ಕಾಂಪ್ಲಿಮೆಂಟ್ ಹೋಗಿದೆಯಾ ಅಂತ ಪರೀಕ್ಷೆ ಮಾಡಿಯೇ ಮುಂದೆ ಹೋಗುತ್ತಿದ್ದರು! ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಭಾಗ ಇದೇ, ಸ್ವಲ್ಪ ನಿಧಾನವಾಗಿ ಓದಿ.

ಅವರು ಬಳಸುತ್ತಿದ್ದದ್ದು ಮೊಲದ ಕೆಂಪು ರಕ್ತಕಣಗಳನ್ನು. ಮನುಷ್ಯನ ಸೀರಂನಲ್ಲಿ ಕಾಂಪ್ಲಿಮೆಂಟ್ ಚುರುಕಾಗಿದ್ದರೆ ಮೊಲದ ಕಣಗಳು ಒಡೆದು ದ್ರವ ಕೆಂಪಾಗುತ್ತದೆ. ಇವರ ಕಾಯಿಸಿದ ಸೀರಂನಲ್ಲಿ ಕಣಗಳು ಒಡೆಯುತ್ತಿರಲಿಲ್ಲ, ತಳದಲ್ಲಿ ಹಾಗೇ ಕೂತು ಮೇಲಿನ ದ್ರವ ನೀರಿನಷ್ಟೇ ತಿಳಿಯಾಗಿರುತ್ತಿತ್ತು. ಹಾಗಾಗಿ ಎಲ್ಲ ಸರಿ ಅಂತ ಟಿಕ್ ಹಾಕುತ್ತಿದ್ದರು. ಆದರೆ ಅವರ ಬಫರಿನಲ್ಲಿ ಮೆಗ್ನೀಸಿಯಂ ಮತ್ತು ಇಜಿಟಿಎ ಇತ್ತು. ಇಜಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಕ್ಯಾಲ್ಸಿಯಂ ಇಲ್ಲದೆ ಕಾಂಪ್ಲಿಮೆಂಟ್ ಸರಪಳಿಯ ಮೊದಲ ಕೊಂಡಿಯಾದ ಸಿ1ರ ಭಾಗಗಳು ಒಂದಾಗಿ ಜೋಡಿಕೊಂಡಿರಲಾರವು. ಅಂದರೆ ಪ್ರತಿಕಾಯದಿಂದ ಶುರುವಾಗುವ ಕ್ಲಾಸಿಕಲ್ ದಾರಿ ಆ ಪರೀಕ್ಷೆಯಲ್ಲಿ ಮುಚ್ಚಿರುತ್ತದೆ, ಅಲ್ಲಿ ಕಾಣುವುದು ಪ್ರತಿಕಾಯದ ನೆರವಿಲ್ಲದೆಯೂ ಶುರುವಾಗುವ ಆಲ್ಟರ್ನೇಟಿವ್ ದಾರಿ ಮಾತ್ರ.

ಆಲ್ಟರ್ನೇಟಿವ್ ದಾರಿಗೆ ಬೇಕಾದ ಫ್ಯಾಕ್ಟರ್ ಬಿ ಎಂಬ ಪ್ರೋಟೀನ್ ಬಿಸಿಗೆ ಬೇಗ ಸೋಲುತ್ತದೆ. 50 ಡಿಗ್ರಿಯಲ್ಲಿ 20 ನಿಮಿಷ ಇಟ್ಟರೆ ಸಾಕು. ಕ್ಲಾಸಿಕಲ್ ದಾರಿಯ ಸಿ1, ಸಿ2 ಕೆಡಲು 56 ಬೇಕು, ಪೂರ್ತಿ ಅರ್ಧ ಗಂಟೆ ಬೇಕು. ಈಗ ಒಂದು ಸೀರಂ 51, 52 ಡಿಗ್ರಿವರೆಗೆ ಮಾತ್ರ ಬಿಸಿಯಾಯಿತು ಅಂದುಕೊಳ್ಳಿ. ಮೊಲದ ಕಣದ ಪರೀಕ್ಷೆಯಲ್ಲಿ ಕಾಂಪ್ಲಿಮೆಂಟ್ ಇಲ್ಲ ಅಂತ ಬರುತ್ತದೆ. ಆದರೆ ಪ್ಲೇಟಿನಲ್ಲಿ ಪ್ರತಿಕಾಯ ಕೂತ ಬ್ಯಾಕ್ಟೀರಿಯಾ ಸಾಯುತ್ತದೆ, ಯಾಕೆಂದರೆ ಅಲ್ಲಿ ನಡೆಯುವುದು ಕ್ಲಾಸಿಕಲ್ ದಾರಿ. ಪ್ರತಿಕಾಯ ಜಾಸ್ತಿ ಇದ್ದ ಸೀರಂಗಳೇ ಯಾಕೆ ಕೆಡುತ್ತಿದ್ದವು ಅನ್ನುವುದಕ್ಕೂ ಇಲ್ಲೇ ಉತ್ತರ ಸಿಗುತ್ತದೆ. ಉಳಿದದ್ದು ಅಲ್ಪಸ್ವಲ್ಪ ಕಾಂಪ್ಲಿಮೆಂಟ್, ಬ್ಯಾಕ್ಟೀರಿಯಾದ ಮೈಮೇಲೆ ಪ್ರತಿಕಾಯ ದಟ್ಟವಾಗಿ ಕೂತಿದ್ದರೆ ಅಷ್ಟೇ ಸಾಕಾಗುತ್ತದೆ.

ಕುರಿಯ ರಕ್ತ ತರಿಸಿದೆವು. ಕುರಿಯ ಕೆಂಪು ಕಣಗಳಿಗೆ ಮೊಲದಲ್ಲಿ ತಯಾರಾದ ಪ್ರತಿಕಾಯ ಅಂಟಿಸಿ, ಕ್ಯಾಲ್ಸಿಯಂ ಮೆಗ್ನೀಸಿಯಂ ಎರಡೂ ಇರುವ ಬಫರಿನಲ್ಲಿ ಅದೇ ಹಳೆಯ ಸೀರಂ ಹಾಕಿ 37 ಡಿಗ್ರಿಯಲ್ಲಿಟ್ಟೆವು. ಒಂದು ಗಂಟೆ ಬಿಟ್ಟು ಸೆಂಟ್ರಿಫ್ಯೂಜಿನಿಂದ ತೆಗೆದಾಗ ಟ್ಯೂಬ್‌ಗಳ ಮೇಲಿನ ದ್ರವ ತೆಳು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಪಿಸಿಆರ್ ಯಂತ್ರದಲ್ಲಿ ಕಾಯಿಸಿದ ಟ್ಯೂಬ್‌ಗಳಲ್ಲಿ ಬಣ್ಣವೇ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಯಾರೂ ವಾದ ಮಾಡಲಿಲ್ಲ.

ಹಾಗಾದರೆ ಬಿಸಿ ಯಾಕೆ ತಾಗಲಿಲ್ಲ? ವಾಟರ್ ಬಾತ್ ಹತ್ತಿರ ಹೋದೆವು.

ಪರದೆಯಲ್ಲಿ 56 ಅಂತಲೇ ತೋರಿಸುತ್ತಿತ್ತು. ಗಾಜಿನ ಥರ್ಮಾಮೀಟರ್ ಮುಳುಗಿಸಿದರೆ ಒಂದು ಮೂಲೆಯಲ್ಲಿ 56, ಇನ್ನೊಂದು ಮೂಲೆಯಲ್ಲಿ 54ರ ಆಸುಪಾಸು. ನೀರನ್ನು ತಿರುಗಿಸುವ ವ್ಯವಸ್ಥೆ ಇರಲಿಲ್ಲ, ಮುಚ್ಚಳ ತೆಗೆದೇ ಇಟ್ಟಿದ್ದರು, ಮೇಲಿಂದ ಎಸಿ ಗಾಳಿ ಬೀಸುತ್ತಿತ್ತು. ಸೀರಂ ಇದ್ದದ್ದು 15 ಎಂಎಲ್ ಟ್ಯೂಬ್‌ಗಳಲ್ಲಿ, ಒಂದೊಂದರಲ್ಲೂ ಸುಮಾರು 10 ಎಂಎಲ್. ಅವನ್ನು ಥರ್ಮಾಕೋಲ್ ಹಲಗೆಗೆ ಸಿಕ್ಕಿಸಿ ತೇಲಿ ಬಿಡುತ್ತಿದ್ದರು. ಥರ್ಮಾಕೋಲ್ ದಪ್ಪಗಿದ್ದರಿಂದ ಟ್ಯೂಬಿನ ಮೇಲ್ಭಾಗದ ಸೀರಂ ನೀರಿನ ಮಟ್ಟಕ್ಕಿಂತ ಮೇಲೆಯೇ ಉಳಿಯುತ್ತಿತ್ತು. ಇನ್ನು ಸಮಯದ ಲೆಕ್ಕ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಟ್ಯೂಬ್‌ಗಳನ್ನು ನೀರಿಗಿಟ್ಟ ಕ್ಷಣದಿಂದಲೇ ಟೈಮರ್ ಒತ್ತುತ್ತಿದ್ದರು. ಲೋಟದ ಹಾಲು ಕಾಯುವ ಹೊತ್ತಿಗೆ ದೊಡ್ಡ ಪಾತ್ರೆಯ ಹಾಲು ಬೆಚ್ಚಗೂ ಆಗಿರುವುದಿಲ್ಲ ಅಂತ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು, ಲ್ಯಾಬಿಗೆ ಬಂದ ಮೇಲೆ ಯಾಕೋ ಮರೆತುಹೋಗುತ್ತದೆ.

ಒಂದು ಟ್ಯೂಬಿಗೆ 10 ಎಂಎಲ್ ನೀರು ಹಾಕಿ, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಮುಚ್ಚಳಕ್ಕೆ ತೂತು ಕೊರೆದು ಥರ್ಮಾಮೀಟರ್ ಇಳಿಬಿಟ್ಟು, ಉಳಿದ ಟ್ಯೂಬ್‌ಗಳ ಜೊತೆಗೇ ಇಟ್ಟೆವು. ಬಾತಿನ ತಣ್ಣನೆಯ ಮೂಲೆಯಲ್ಲಿ, ದ್ರವದ ಮೇಲ್ಭಾಗದಲ್ಲಿ, 20 ನಿಮಿಷಕ್ಕೆ 51 ಬಂತು. ಟೈಮರ್ ಕೂಗಿದಾಗ 53. ಅಂದರೆ ಆ ಸೀರಂ 56 ಡಿಗ್ರಿಯನ್ನು ಒಂದು ನಿಮಿಷವೂ ಕಂಡಿರಲಿಲ್ಲ. ಬಿಸಿ ಮೂಲೆಯಲ್ಲಿ ಇಟ್ಟ ಟ್ಯೂಬ್ ಪರವಾಗಿಲ್ಲ ಅನ್ನುವಂತಿತ್ತು. ಒಂದು ದಿನ ಇದ್ದಂತೆ ಇನ್ನೊಂದು ದಿನ ಇಲ್ಲದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಲಿಲ್ಲ.

ಇನ್ನೊಂದು ಸಣ್ಣ ಸಂಗತಿ ಕಣ್ಣಿಗೆ ಬಿತ್ತು. ಟ್ಯೂಬ್ ಕರಗಿಸುವಾಗ ತಲೆಕೆಳಗು ಮಾಡಿ ಅಲುಗಾಡಿಸುತ್ತಿದ್ದರು, ಹಾಗಾಗಿ ಮುಚ್ಚಳದ ಒಳಗೆ, ತಿರುಪಿನ ಸಂದಿಯಲ್ಲಿ, ಹಳದಿ ಹನಿಗಳು ಅಂಟಿಕೊಂಡಿದ್ದವು. ಅವು ನೀರಿನಿಂದ ಬೆರಳುದ್ದ ಮೇಲೆ, ಎಸಿ ಗಾಳಿಯಲ್ಲಿ ತಣ್ಣಗೆ ಇದ್ದವು. ಕಾಯಿಸಿದ ಮೇಲೆ ಮತ್ತೆ ಟ್ಯೂಬ್ ಅಲುಗಾಡಿಸಿದಾಗ ಆ ಹಸಿ ಸೀರಂ ಕೆಳಗಿಳಿದು ಬೆರೆಯುತ್ತಿತ್ತು. ಒಂದೆರಡು ಹನಿಯಿಂದ ಏನಾಗುತ್ತದೆ ಅಂತ ಅನ್ನಿಸಬಹುದು. ಆದರೆ 56 ಡಿಗ್ರಿಗೆ ಕಾಯಿಸಿದ ಸೀರಂನಲ್ಲೂ ಕಾಂಪ್ಲಿಮೆಂಟಿನ ಸಿ3, ಸಿ4 ಪ್ರೋಟೀನ್‌ಗಳು ಬಹುಪಾಲು ಉಳಿದೇ ಇರುತ್ತವೆ, ಹೋಗಿರುವುದು ಸಿ1, ಸಿ2, ಫ್ಯಾಕ್ಟರ್ ಬಿ. ಹಸಿ ಹನಿ ತರುವುದು ಆ ಕಳೆದುಹೋದ ಸಿ1, ಸಿ2ಗಳನ್ನೇ. ಅವು ಎಂಜೈಮ್ ಆಗಿ ಕೆಲಸ ಮಾಡುವಂಥವು, ಸ್ವಲ್ಪ ಇದ್ದರೂ ಸರಪಳಿ ಮುಂದಕ್ಕೆ ಓಡುತ್ತದೆ. ಬೋರ್ಡೆ ಬೇಕೆಂದೇ ಹಾಕಿದ ತಾಜಾ ಸೀರಂ ಇಲ್ಲಿ ಮುಚ್ಚಳದಿಂದ ತಾನಾಗಿಯೇ ಬೀಳುತ್ತಿತ್ತು.

ಕಾರಣ ಸಿಕ್ಕಿತಲ್ಲ, ಇನ್ನೇನು ಅಂತ ಲ್ಯಾಬಿನ ಹಿರಿಯರೊಬ್ಬರು "ಹಾಗಾದ್ರೆ 63ಕ್ಕೆ ಇಟ್ಟುಬಿಡಿ, ಯಾವ ತಲೆನೋವೂ ಇರಲ್ಲ" ಅಂದರು. ಬೇಡ ಸರ್ ಅಂತ ಹೇಳಿದರೂ, ಕಣ್ಣಾರೆ ನೋಡಲಿ ಅಂತ ಒಂದು ಸೀರಂ ಅನ್ನು ಹಾಗೆ ಇಟ್ಟು ತೋರಿಸಿದೆ. ಹೊರಗೆ ಬಂದಾಗ ಅದು ತಿಳಿ ಹಳದಿಯಿಂದ ಮಬ್ಬು ಬಣ್ಣಕ್ಕೆ ತಿರುಗಿತ್ತು. ಪ್ಲೇಟಿನಲ್ಲಿ ಕಂಟ್ರೋಲ್ ಚೆನ್ನಾಗಿ ಬಂತು, ಆದರೆ ಟೈಟರ್ ಕುಸಿದುಬಿಟ್ಟಿತು. 63 ಡಿಗ್ರಿಯಲ್ಲಿ ಐಜಿಜಿ (ರಕ್ತದಲ್ಲಿ ಹೆಚ್ಚಾಗಿರುವ ಬಗೆಯ) ಪ್ರತಿಕಾಯಗಳು ಒಂದಕ್ಕೊಂದು ಅಂಟಿಕೊಂಡು ಗಂಟು ಕಟ್ಟುತ್ತವೆ. ಗಂಟು ಕಟ್ಟಿದ ಐಜಿಜಿ ಬೇಕು ಅಂದಾಗ ಸಂಶೋಧಕರು ಮಾಡುವುದೇ ಹೀಗೆ. ಆ ಗಂಟುಗಳು ಸಿ1 ಅನ್ನು ಎಳೆದುಕೊಂಡು, ನಾವು ಹೊರಗಿನಿಂದ ಹಾಕಿದ ಗಿನಿಪಿಗ್ ಕಾಂಪ್ಲಿಮೆಂಟನ್ನು ಬ್ಯಾಕ್ಟೀರಿಯಾದ ಹತ್ತಿರ ಹೋಗುವ ಮೊದಲೇ ಖಾಲಿ ಮಾಡಿಬಿಡುತ್ತವೆ. ಲಸಿಕೆ ಕೆಲಸ ಮಾಡಿದ್ದರೂ ಮಾಡಿಲ್ಲ ಅಂತ ಬರೆಯಬೇಕಾಗುತ್ತದೆ. ಕಡಿಮೆ ಕಾಯಿಸಿದರೆ ಕಂಟ್ರೋಲ್ ವೆಲ್ ಆದರೂ ದೂರು ಹೇಳುತ್ತದೆ, ಜಾಸ್ತಿ ಕಾಯಿಸಿದರೆ ಅದೂ ಸುಮ್ಮನಿರುತ್ತದೆ, ಅದಕ್ಕೇ ನನಗೆ ಎರಡನೆಯದರ ಭಯವೇ ಹೆಚ್ಚು.

ಕೊನೆಗೆ ಅವರು ಇಟ್ಟುಕೊಂಡ ಪದ್ಧತಿ ಹೀಗಿದೆ. ಸೀರಂ ಬಂದ ದಿನವೇ ಅರ್ಧ ಅರ್ಧ ಎಂಎಲ್ ಚಿಕ್ಕ ಟ್ಯೂಬ್‌ಗಳಿಗೆ ಹಂಚುತ್ತಾರೆ. ಕಾಯಿಸುವ ಮೊದಲು ಪೂರ್ತಿ ಕರಗಿಸಿ, ಒಂದು ಸುತ್ತು ಸೆಂಟ್ರಿಫ್ಯೂಜ್ ಮಾಡಿ ಮುಚ್ಚಳದ ಹನಿಗಳನ್ನೆಲ್ಲ ಕೆಳಗಿಳಿಸುತ್ತಾರೆ. ನೀರಿನ ಮಟ್ಟ ಸೀರಂ ಮಟ್ಟಕ್ಕಿಂತ ಮೇಲಿರುವಂತೆ ಲೋಹದ ಸ್ಟ್ಯಾಂಡ್‌ನಲ್ಲಿ ಇಡುತ್ತಾರೆ, ಬಾತಿನ ಮುಚ್ಚಳ ಹಾಕುತ್ತಾರೆ. ಜೊತೆಗೆ ಥರ್ಮಾಮೀಟರ್ ಇರುವ ನೀರಿನ ಟ್ಯೂಬ್ ಒಂದು ಇದ್ದೇ ಇರುತ್ತದೆ, ಅದರೊಳಗೆ 56 ಬಂದ ಮೇಲೆಯೇ ಟೈಮರ್ ಶುರು. 30 ನಿಮಿಷ ಆದ ಕೂಡಲೇ ಐಸ್. ಒಟ್ಟಿಗೆ ಕಾಯಿಸಿದ ಪ್ರತಿ ಗುಂಪಿನಿಂದ ಒಂದೆರಡು ಟ್ಯೂಬನ್ನು ಕುರಿ ಕಣದಿಂದ ಪರೀಕ್ಷಿಸುತ್ತಾರೆ, ಮೊಲದ ಕಣದ ಪರೀಕ್ಷೆಯನ್ನು ಆಲ್ಟರ್ನೇಟಿವ್ ದಾರಿ ನೋಡಬೇಕಾದಾಗ ಮಾತ್ರ ಇಟ್ಟುಕೊಂಡಿದ್ದಾರೆ. ಕಾಯಿಸುವ ಕೆಲಸ ನೋಡಿಕೊಳ್ಳುವ ಟೆಕ್ನಿಷಿಯನ್ ಅಣ್ಣ ಹಿಂದೆ ಆಸ್ಪತ್ರೆ ಲ್ಯಾಬಿನಲ್ಲಿದ್ದವರು. ವಿಡಿಆರ್‌ಎಲ್ ಎಂಬ ಸಿಫಿಲಿಸ್ ಪರೀಕ್ಷೆಗೆ ಕಾಯಿಸಿದ ಸೀರಂ ನಾಲ್ಕು ಗಂಟೆಗಿಂತ ಹೆಚ್ಚು ಉಳಿದರೆ ಮತ್ತೆ 10 ನಿಮಿಷ 56ಕ್ಕೆ ಇಡುತ್ತಿದ್ದೆವು ಅಂತ ನೆನಪಿಸಿಕೊಂಡರು. ಇಂಥ ಅನುಭವ ಇರುವವರನ್ನು ಲ್ಯಾಬಿನಲ್ಲಿ ಮೊದಲೇ ಕೇಳಬೇಕು, ಕೇಳುವುದಿಲ್ಲ ಅನ್ನುವುದೇ ಬೇಸರ.

ಈ ಕೆಲಸದ ನಡುವೆ ಒಂದು ಟ್ಯೂಬ್ 56 ಡಿಗ್ರಿಯಲ್ಲೇ ಮೊಸರಾದಂತೆ ಬೆಳ್ಳಗಾಯಿತು. ಅದು ಸೀರಂ ಆಗಿರಲಿಲ್ಲ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಟ್ಯೂಬಿನಲ್ಲಿ ತೆಗೆದ ಪ್ಲಾಸ್ಮಾ. ಪ್ಲಾಸ್ಮಾದಲ್ಲಿ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಪ್ರೋಟೀನ್ ಇರುತ್ತದೆ, ಅದು ಈ ಬಿಸಿಗೇ ಗಡ್ಡೆ ಕಟ್ಟುತ್ತದೆ. ರಕ್ತ ತೆಗೆಯುವವರಿಗೆ ಯಾವ ಟ್ಯೂಬ್ ಅಂತ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ. ಅಲರ್ಜಿ ಕೆಲಸ ಮಾಡುವವರು ಇನ್ನೊಂದು ಗಮನಿಸಬೇಕು. ಅಲರ್ಜಿಗೆ ಸಂಬಂಧಿಸಿದ ಐಜಿಇ ಪ್ರತಿಕಾಯ 56 ಡಿಗ್ರಿ ತಡೆಯುವುದಿಲ್ಲ, ಅಲರ್ಜಿ ಎಬ್ಬಿಸುವ ಮಾಸ್ಟ್ ಕೋಶಕ್ಕೆ ಅಂಟುವ ಶಕ್ತಿ ಕಳೆದುಕೊಳ್ಳುತ್ತದೆ. ಅಂಥ ಕಡೆ, ಅಥವಾ ಜೀವಂತ ಇಲಿಯಲ್ಲಿ ಕಾಂಪ್ಲಿಮೆಂಟ್ ಇಳಿಸಬೇಕಾದ ಕಡೆ, ಬೇರೆ ದಾರಿ ಬೇಕು. ನಾಗರಹಾವಿನ ವಿಷದಿಂದ ತೆಗೆದ ಒಂದು ಪ್ರೋಟೀನ್ ಸಿ3ಯನ್ನು ಬಿಡದೆ ಕತ್ತರಿಸುತ್ತಾ ಖಾಲಿ ಮಾಡುತ್ತದೆ, ಸಂಶೋಧನೆಯಲ್ಲಿ ಅದನ್ನು ಬಹಳ ಕಾಲದಿಂದ ಬಳಸುತ್ತಿದ್ದಾರೆ. ಇನ್ನು ಸೆಲ್ ಕಲ್ಚರ್‌ಗೆ (ಲ್ಯಾಬಿನಲ್ಲಿ ಕೋಶ ಬೆಳೆಸುವುದಕ್ಕೆ) ಬರುವ 500 ಎಂಎಲ್ ಹಸುವಿನ ಭ್ರೂಣದ ಸೀರಂ ಬಾಟಲಿಯನ್ನು ಅಭ್ಯಾಸಬಲದಿಂದ ಕಾಯಿಸುವವರಿಗೆ ಒಂದು ಮಾತು: ಭ್ರೂಣದ ಸೀರಂನಲ್ಲಿ ಕಾಂಪ್ಲಿಮೆಂಟ್ ಇರುವುದೇ ಕಡಿಮೆ, ಹೆಚ್ಚಿನ ಕೋಶಗಳಿಗೆ ಕಾಯಿಸುವ ಅಗತ್ಯವೇ ಇಲ್ಲ, ಅಷ್ಟು ದೊಡ್ಡ ಬಾಟಲಿಯ ನಡುಭಾಗ ಬಿಸಿಯಾಗುವಷ್ಟರಲ್ಲಿ ಅಂಚಿನ ಪ್ರೋಟೀನ್‌ಗಳು ಸುಮ್ನೆ ಹಾಳಾಗುತ್ತವೆ. ಮತ್ತೆ, ಮನುಷ್ಯರ ಸೀರಂ ಕಾಯಿಸಿದ್ದೇವೆ ಅಂತ ಗ್ಲೋವ್ಸ್ ತೆಗೆಯಬೇಡಿ. ಹೆಪಟೈಟಿಸ್ ಬಿ ವೈರಸ್ ಈ ಅರ್ಧ ಗಂಟೆಗೆ ಸಾಯುತ್ತದೆ ಅಂತ ನಂಬುವ ಹಾಗಿಲ್ಲ.

ಹಳೆಯ ಫಲಿತಾಂಶಗಳನ್ನು ಏನು ಮಾಡುವುದು ಅನ್ನುವುದೇ ಎಲ್ಲಕ್ಕಿಂತ ಕಷ್ಟದ ಪ್ರಶ್ನೆಯಾಗಿತ್ತು. ಟೈಟರ್ ತುಂಬಾ ಮೇಲಿದ್ದ ಸೀರಂಗಳಲ್ಲಿ ಏನೂ ಬದಲಾಗುವುದಿಲ್ಲ, ಅಷ್ಟು ತೆಳುವಾದ ವೆಲ್‌ನಲ್ಲಿ ಉಳಿದ ಕಾಂಪ್ಲಿಮೆಂಟ್ ಲೆಕ್ಕಕ್ಕೇ ಬರುವುದಿಲ್ಲ. ತೊಂದರೆ ಇದ್ದದ್ದು ಕೆಳಗಿನ ತುದಿಯಲ್ಲಿ, ಲಸಿಕೆಗೆ ಮೊದಲು ತೆಗೆದ ಸೀರಂಗಳಲ್ಲಿ. ಅಲ್ಲಿ 10ಕ್ಕಿಂತ ಕಡಿಮೆ ಬರಬೇಕಾದದ್ದು 20 ಅಂತ ಬಂದರೆ, ನಂತರದ ನಾಲ್ಕು ಪಟ್ಟು ಏರಿಕೆ ಕೈತಪ್ಪಿ ಹೋಗಬಹುದು. ಆ ಸೀರಂಗಳನ್ನು ಫ್ರೀಜರಿನಲ್ಲಿ ಉಳಿದ ಭಾಗದಿಂದ ಮತ್ತೆ ಕಾಯಿಸಿ, ಜೋಡಿಯ ಎರಡನ್ನೂ ಒಂದೇ ಪ್ಲೇಟಿನಲ್ಲಿ ಹಾಕಿ, ಹೊಸದಾಗಿ ಓದಿದರು. ಕೆಲವರ ಲೆಕ್ಕ ಬದಲಾಯಿತು. ಹಳೆಯ ಅಂಕಿ, ಹೊಸ ಅಂಕಿ ಎರಡನ್ನೂ ದಾಖಲೆಯಲ್ಲಿ ಇಟ್ಟಿದ್ದಾರೆ, ಯಾಕೆ ಬದಲಾಯಿತು ಅಂತಲೂ ಬರೆದಿದ್ದಾರೆ. ಅದು ಆ ಹುಡುಗಿಯದೇ ನಿರ್ಧಾರ, ನನಗೆ ತುಂಬಾ ಮೆಚ್ಚುಗೆಯಾಯಿತು.

ಉಳಿದ ಆ ಒಂದು ಸೀರಂ? ಎಷ್ಟು ಸರಿಯಾಗಿ ಕಾಯಿಸಿದರೂ ಅದರ ಕಂಟ್ರೋಲ್ ವೆಲ್ ತಿಳಿಯಾಗಿಯೇ ಇತ್ತು. ಕುರಿ ಕಣ ಒಡೆಯಲಿಲ್ಲ, ಅಂದರೆ ಕಾಂಪ್ಲಿಮೆಂಟ್ ಅಲ್ಲ. ಸಣ್ಣ ಫಿಲ್ಟರ್ ಪೇಪರ್ ಬಿಲ್ಲೆಯನ್ನು ಆ ಸೀರಂನಲ್ಲಿ ಅದ್ದಿ, ಔಷಧಕ್ಕೆ ಬೇಗ ಸೋಲುವ ಬ್ಯಾಕ್ಟೀರಿಯಾ ಹರಡಿದ ಅಗರ್ ಮೇಲೆ ಇಟ್ಟರು. ಮಾರನೇ ದಿನ ಬಿಲ್ಲೆಯ ಸುತ್ತ ಬೆಳವಣಿಗೆಯೇ ಇಲ್ಲದ ಒಂದು ಉಂಗುರ. ವೋಲಂಟಿಯರ್‌ಗೆ ಫೋನ್ ಮಾಡಿ ವಿಚಾರಿಸಿದಾಗ ರಕ್ತ ಕೊಡುವ ಹಿಂದಿನ ದಿನವಷ್ಟೇ ಗಂಟಲು ನೋವಿಗೆ ಮಾತ್ರೆ ತೆಗೆದುಕೊಂಡದ್ದು ಗೊತ್ತಾಯಿತು. ಹುಡುಗಿಯ ಮೊದಲ ಅನುಮಾನ ಆ ಒಂದು ಸ್ಯಾಂಪಲ್ ಮಟ್ಟಿಗೆ ನಿಜವಾಗಿತ್ತು. ಅದನ್ನು ಲೆಕ್ಕದಿಂದ ಕೈಬಿಟ್ಟು, ರಕ್ತ ತೆಗೆಯುವ ಮುಂಚೆ ತುಂಬಿಸುವ ಫಾರ್ಮ್‌ನಲ್ಲಿ ಮಾತ್ರೆಗಳ ಬಗ್ಗೆ ಒಂದು ಪ್ರಶ್ನೆ ಸೇರಿಸಿದರು.